ಸೋಮವಾರ ಅಂಗಡಿಗೆ ರಜೆ

ಸೋಮವಾರ ನಮ್ಮ ಕ್ಷೌರದಂಗಡಿಗೆ ರಜೆ,
ಬಾಗಿಲ ಪಕ್ಕದ ಪಟ್ಟೆಗಂಬ ಸುತ್ತುವುದಿಲ್ಲ.
ಆದರೂ ಆರೂವರೆಗೆ ಮಿತೊ ಸ್ಟೇಷನ್ನಿನಲ್ಲಿರಿ ಎಂದರು
ನುಮಜಿರಿ ಯಜಮಾನರು.
"ಫುಕುರೊದಾ ಹೆಪ್ಪುಗಟ್ಟಿದೆಯಂತೆ. ಟಿಕೆಟ್ಟು ನನ್ನದು."

"ಹನ್ನೊಂದು ವರ್ಷಕ್ಕೆ ಒಂದು ಲೋಟ ಚಹಾ ಕೊಡಿಸಿದವರಲ್ಲ,"
ತೊಮೊಬೆ ಅಕ್ಕ ನನ್ನ ಟೋಪಿಯೊಳಕ್ಕೇ ಬಾಯಿಟ್ಟು ಅಂದಳು,
"ಏನೋ ಇದೆ."

ಎರಡೇ ಡಬ್ಬಿಯ ರೈಲು.
ಕುಜಿ ನದಿ ಒಮ್ಮೆ ಎಡಗಿಟಕಿಗೆ, ಒಮ್ಮೆ ಬಲಗಿಟಕಿಗೆ,
ಬೀಳ್ಕೊಟ್ಟಷ್ಟೂ ಮುಂದಿನ ತಿರುವಿನಲ್ಲಿ ಸಿಗುವ ನೆಂಟನ ಹಾಗೆ.
ನೀರ ಮೇಲೆ ಮಂಜುಗಡ್ಡೆಯ ಚೂರುಗಳು ತೇಲಿ ಬರುತ್ತಿದ್ದವು,
ಗುಂಪುಗುಂಪಾಗಿ, ಬೆಳ್ಳಗೆ,
ಮುದುಕರೇ ಬರುವ ಗುರುವಾರದ ಸಂಜೆ
ನಾನು ಗುಡಿಸುವ ನೆಲ.

ನಾನು ಇನ್ನೂ ಗುಡಿಸುವವಳೇ.
ಟವೆಲ್ಲು ಹಬೆಗಿಡುತ್ತೇನೆ, ಕುರ್ಚಿ ಒರೆಸುತ್ತೇನೆ,
ರಾತ್ರಿ ಬಲೂನಿಗೆ ನೊರೆ ಬಳಿದು ಕತ್ತಿ ಆಡಿಸುತ್ತೇನೆ.
ಕಳೆದ ವಾರ ಒಡೆದವು ನಾಲ್ಕು.
ಐದನೆಯದು ಉಳಿದಿದೆ, ನುಣ್ಣಗೆ. ಯಾರಿಗೂ ತೋರಿಸಿಲ್ಲ.

ಇಳಿದಾಗ ಹಿಮ ಬೀಳುತ್ತಿತ್ತು.
ಬಸ್ಸಿಲ್ಲ. ಸೇಬಿನ ತೋಟಗಳ ಪಕ್ಕ ಮುಕ್ಕಾಲು ಗಂಟೆ ನಡಿಗೆ,
ಮುಂದೆ ಯಜಮಾನರು, ಕೈ ಎರಡೂ ಜೇಬಿನಲ್ಲಿ,
ಅವರ ಹೆಜ್ಜೆಗುಳಿಯಲ್ಲೇ ನಮ್ಮ ಹೆಜ್ಜೆ.
ಆಮೇಲೆ ಸುರಂಗ. ಉದ್ದ, ತೊಟ್ಟಿಕ್ಕುವ ಸುರಂಗ.
ಕೊನೆಯಲ್ಲಿ ಭೋರ್ಗರೆತ ಕೇಳೀತೆಂದು ಕಿವಿ ಗಟ್ಟಿ ಮಾಡಿಕೊಂಡೆ.

ಏನೂ ಇಲ್ಲ.
ಇಷ್ಟು ದೊಡ್ಡದು ಇಷ್ಟು ಸುಮ್ಮನಿರುವುದನ್ನು
ನಾನು ನೋಡಿರಲಿಲ್ಲ.
ಬಂಡೆಯ ನಾಲ್ಕು ಮೆಟ್ಟಿಲುದ್ದಕ್ಕೂ ಬಿಳುಪು, ಅಂಚಿನಲ್ಲಿ ನೀಲಿ,
ಯಾರೋ ಗಲ್ಲಕ್ಕೆ ನೊರೆ ಹಚ್ಚಿ
ಬಿಸಿನೀರು ತರುತ್ತೇನೆಂದು ಹೋದವರು ಬಂದೇ ಇಲ್ಲ.
ಒಂದು ಕಡೆ ಮಾತ್ರ, ಗಾಜಿನಂಥ ಪದರದ ಹಿಂದೆ,
ಕಪ್ಪಗೆ ಏನೋ ಸರಸರ ಇಳಿಯುತ್ತಿತ್ತು.
ಗಂಟಲ ಪಕ್ಕದ ನರ.
ಇಲ್ಲಿ ಕೈ ಹಗುರ, ಉಸಿರು ಹಿಡಿ ಎಂದು
ಅವರೇ ಹೇಳಿಕೊಟ್ಟ ಜಾಗ.

"ನಾಲ್ಕು ಕಾಲಕ್ಕೂ ಬಂದು ನೋಡಬೇಕಂತೆ ಇದನ್ನು," ಅಂದರು ಯಜಮಾನರು.
"ಉಳಿದ ಮೂರಕ್ಕೆ ಟಿಕೆಟ್ಟು ಯಾರದು?" ಅಕ್ಕ ಕೇಳಿದಳು.
ಅವರು ಜಲಪಾತವನ್ನೇ ನೋಡುತ್ತಿದ್ದರು.

ಸುರಂಗದ ಬಾಯಲ್ಲಿ ಕೊನ್ಯಾಕು ಮಾರುವ ಹೆಂಗಸು,
ಗೆಡ್ಡೆಹಿಟ್ಟಿನ ಬಿಸಿ ಬಿಲ್ಲೆ, ಕಡ್ಡಿಗೆ ಚುಚ್ಚಿ, ಮೇಲೆ ಮಿಸೊ.
ಮೂರು ಕಡ್ಡಿ.
ಆಗ ಅವರ ಬಲಗೈ ಹೊರಗೆ ಬಂತು.
ನಡುಗಿತು. ಹಿಮದ ಮೇಲೆ ಮಿಸೊ,
ಕಂದು ಬಣ್ಣದ ಎರಡು ಹನಿ.

ಅಕ್ಟೋಬರಿನಲ್ಲಿ ಅಂಚೆಯ ಕಕಿಗಾವರ ಕಿವಿಯ ಹಿಂದೆ
ಕೆಂಪಗೆ ಒಂದು ಹನಿ. ಹೊಸ ಕತ್ತಿ ಒಗ್ಗಲಿಲ್ಲ ಅಂದಿದ್ದರು.
ಅಂದಿನಿಂದ ಗಡ್ಡಗಳೆಲ್ಲ ಅಕ್ಕನ ಕುರ್ಚಿಗೆ.

"ಎಂಥ ಚಳಿ ಅಲ್ವಾ," ಅಂದಳು ಮಾರುವವಳು,
"ಬೆಳಿಗ್ಗೆಯಿಂದ ಒಬ್ಬರ ಕೈಯೂ ನೆಟ್ಟಗೆ ನಿಂತಿಲ್ಲ."
ನೋಡಿದರೆ ಹೌದು, ನನ್ನದೂ, ಅಕ್ಕನದೂ,
ಮೂರು ಕಡ್ಡಿಯೂ ಮೂರು ತಾಳಕ್ಕೆ.
ಯಜಮಾನರು ನಕ್ಕರು. ಬಾಯ್ತುಂಬ ಕೊನ್ಯಾಕು ಇಟ್ಟುಕೊಂಡು
ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು,
ಇನ್ನೊಂದು ಸುತ್ತು ಕೊಡಿಸಿದರು.

ವಾಪಸು ರೈಲಿನಲ್ಲಿ ಸೀಟಿನ ಕೆಳಗೆ ಹೀಟರು.
ಮೊದಲು ಅಕ್ಕನ ಕೈ ನಿಂತಿತು, ಆಮೇಲೆ ನನ್ನದು.
ಮೂರನೆಯದನ್ನು ನಾನು ನೋಡಲಿಲ್ಲ.
ಕಿಟಕಿಯಲ್ಲಿ ಕತ್ತಲು, ನದಿ ಯಾವ ಕಡೆಗಿತ್ತೋ.

ಎರಡು ಸ್ಟೇಷನ್ ಕಳೆದ ಮೇಲೆ ಅವರು ಅಂದರು,
ಎದುರಿನ ಜಾಹೀರಾತಿಗೆ ಹೇಳುವವರಂತೆ:
"ನಾಳೆ ಬಲೂನು ಬೇಡ.
ಏಳಕ್ಕೆ ಬಾ. ನನ್ನ ಗಡ್ಡ."

ನಿದ್ದೆ ಮಾಡುತ್ತಿದ್ದ ತೊಮೊಬೆ ಅಕ್ಕ
ಒಂದು ಕಣ್ಣು ತೆರೆದಳು,
ಮುಚ್ಚಿದಳು.